ಎಡಕ್ಕೆ ಏರುವ ನಗು

ಮೇಷ್ಟ್ರು ಮೂರನೇ ಸಲ ಅವಳ ಫೋಟೋ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದಾಗ, ಅವಳು ಒರೆಸಿದ ಲೆನ್ಸನ್ನೇ ಮತ್ತೆ ಒರೆಸುತ್ತಿದ್ದಳು. ಬೆಳಗಿನಿಂದ ಒಂದು ಕಡೆ ನಿಲ್ಲಲಾಗಿರಲಿಲ್ಲ.

“ಎರಡನೇ ಫೋಟೋನೂ ಸರಿ ಬಂದಿಲ್ವಾ?” ಅವಳು ಕೇಳಿದಳು.

“ನಿಮ್ಮ ತಪ್ಪಲ್ಲ ಬಿಡಿ. ನನ್ನ ಮುಖ ಇರೋದೇ ಹಾಗೆ.”

ನರದ ತೊಂದರೆಯಿಂದ ಎರಡು ವರ್ಷದ ಹಿಂದೆ ಅವರ ಬಲಗೆನ್ನೆ ಸೋತಿತ್ತು. ನಕ್ಕರೆ ತುಟಿ ಎಡಕ್ಕೆ ಮಾತ್ರ ಏರುತ್ತಿತ್ತು. ಅಂದಿನಿಂದ ಅವರು ನಗುವುದನ್ನೇ ಬಿಟ್ಟಿದ್ದರು. ಶಾಲೆಯ ಸಂಚಿಕೆಗೆ ಒಂದು ಭಾವಚಿತ್ರ ಬೇಕಿತ್ತು, ಅಷ್ಟೇ. ಅವಳು ತೆಗೆದ ಎರಡರಲ್ಲೂ ಅವರು ಪೊಲೀಸರ ಕೈಗೆ ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು.

ಸಂಚಿಕೆಗೆ ಫೋಟೋ ಕೊಡಲು ಇವತ್ತೇ ಕೊನೆಯ ದಿನ. ಫೋಟೋ ಸರಿ ಬಂದರೆ ಅವರು ಮತ್ತೆ ಬರುವುದಿಲ್ಲ. ಸರಿ ಬಾರದಿದ್ದರೂ ಬರುವುದಿಲ್ಲ.

ಅವಳು ಫ್ಲ್ಯಾಶ್ ಆರಿಸಿದಳು. ಸ್ಟೂಲನ್ನು ಕಿಟಕಿಯ ಪಕ್ಕಕ್ಕೆ ಎಳೆದು ಅವರನ್ನು ಕೂರಿಸಿ, ಬೆಳಕು ಕೆನ್ನೆಯ ಮೇಲೆ ಓರೆಯಾಗಿ ಬೀಳಲೆಂದು ಪರದೆ ಅರ್ಧ ಸರಿಸಿದಳು. ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ಇಳಿಸಿದಳು. ಆದರೂ ಅವರ ಭುಜ ಬಿಗಿದೇ ಇತ್ತು.

“ಮೇಷ್ಟ್ರೇ, ಸ್ವಲ್ಪ ಆರಾಮಾಗಿರಿ.”

“ಹೇಳೋದು ಸುಲಭ. ಇಲ್ಲಿ ಕೂತು ನೋಡಿ, ಗೊತ್ತಾಗುತ್ತೆ.”

“ಆಯ್ತು, ಕೂರ್ತೀನಿ. ಹಿಡೀರಿ ಇದನ್ನ.”

ಕ್ಯಾಮೆರಾ ಅವರ ಕೈಗಿಟ್ಟು, ಅವರೆದ್ದ ಸ್ಟೂಲಿನ ಮೇಲೆ ಕೂತಳು. ಕೈ ಎಲ್ಲಿಡುವುದು? ಕ್ಯಾಮೆರಾ ಹಿಡಿದ ಈ ಹತ್ತು ವರ್ಷದಲ್ಲಿ ಅವಳನ್ನು ಯಾರೂ ಇಷ್ಟು ಹೊತ್ತು ದಿಟ್ಟಿಸಿರಲಿಲ್ಲ.

“ಗಲ್ಲ ಕೆಳಗೆ,” ಮೇಷ್ಟ್ರು ಅವಳದೇ ದನಿಯನ್ನು ಅಣಕಿಸಿದರು. “ಉಸಿರು ಬಿಡಿ. ಇನ್ನೂ ಬಿಡಿ. ಓದದೇ ಪರೀಕ್ಷೆಗೆ ಬಂದೋರ ಥರ ಇದೀರಲ್ರೀ!”

ಅವಳು ನಕ್ಕೇಬಿಟ್ಟಳು. ಕ್ಲಿಕ್.

ಅವರು ಸ್ಕ್ರೀನನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು.

“ಚೆನ್ನಾಗಿಲ್ವಾ?”

“ಎಲ್ಲರನ್ನೂ ಹೀಗೇ ನೋಡ್ತೀರಾ?”

ಅವಳು ಎದ್ದು ಬಂದು ಬಗ್ಗಿ ನೋಡಿದಳು. ಇಷ್ಟು ದಿನ ಬಚ್ಚಿಟ್ಟಿದ್ದೆಲ್ಲ ಆ ಕಣ್ಣುಗಳಲ್ಲಿತ್ತು. ಅಳಿಸಲೆಂದು ಚಾಚಿದ ಬೆರಳು ಅರ್ಧಕ್ಕೇ ನಿಂತಿತು.

“ಇಲ್ಲ,” ಎಂದಳು. “ನಿಮ್ಮನ್ನ ಮಾತ್ರ. ಮೊದಲನೇ ದಿನದಿಂದ.”

“ಈ ಮುಖಾನಾ?”

“ಈ ಮುಖಾನೇ.”

ಅವರ ತುಟಿ ಎಡಕ್ಕೆ ಏರಿತು. ಮುಚ್ಚಿಕೊಳ್ಳಲು ಕೈ ತಾನಾಗಿ ಬಾಯಿಗೆ ಹೋಯಿತು. ಅವಳು ಆ ಕೈ ಹಿಡಿದು ಕೆಳಗಿಳಿಸಿದಳು. ಇಳಿಸಿದ ಮೇಲೂ ಬಿಡಲಿಲ್ಲ.

ಮೋಡ ಸರಿದು ಕೋಣೆಯ ಬೆಳಕು ಬದಲಾಯಿತು.

“ಫೋಟೋ ತೆಗೀಬೇಕಲ್ವಾ?” ಮೇಷ್ಟ್ರು ಮೆಲ್ಲಗೆ ಕೇಳಿದರು.

“ತೆಗೀಬೇಕು.”

“ಮತ್ತೆ ಕೈ?”

“ತಡೀರಿ ಮೇಷ್ಟ್ರೇ. ಏನವಸರ?”