ಗಾರ್ಡಿನ ಹಿಂಬದಿಯ ತಾರೀಖು

ಯಾರೋ ಮೇನ್ ಸ್ವಿಚ್ ಹಾಕಿದರು.

ತಲೆಯ ಮೇಲೆ ಫ್ಲೈವೀಲಿನ ಭಾರಿ ಚಕ್ರ ಒಮ್ಮೆ ನರಳಿತು. ಆಮೇಲೆ ನಿಧಾನವಾಗಿ ತಿರುಗತೊಡಗಿತು.

ನನ್ನ ಬಲಗೈ ತಗಡು ಒತ್ತುವ ಪ್ರೆಸ್ಸಿನ ಒಳಗಿತ್ತು.

ಮೊಣಕೈವರೆಗೆ.

"ಅಲ್ಲಾಡಬೇಡಿ ಯಜಮಾನ್ರೇ. ನನ್ನ ಕಾಲು ಪೆಡಲ್ ಮೇಲಿದೆ."

ಕತ್ತು ಹೊರಳಿಸಿ ನೋಡಿದೆ. ಸೂಪರ್‌ವೈಸರ್. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಪೆನ್ನು, ಹಲ್ಲಿನ ಸಂದಿಯಲ್ಲಿ ಒಂದು ಕಡ್ಡಿ. ಕಾಲು ನಿಜವಾಗಿಯೂ ಪೆಡಲ್ ಮೇಲಿತ್ತು. ಅದನ್ನು ತುಳಿದರೆ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಅದಕ್ಕೆ ಆರು ವರ್ಷ ಮುಂಚೆ ಅದೇ ಮಷೀನಿನಲ್ಲಿ ಒಬ್ಬ ಹೆಣ್ಣುಮಗಳ ಬಲಗೈ ಮಣಿಕಟ್ಟಿನಿಂದ ಹೋಗಿತ್ತು.

ಆಕೆಯ ಕೇಸಿನ ಫೈಲ್ ನೋಡಿಕೊಳ್ಳುತ್ತಿದ್ದವನು ನಾನು.

ನೀವು ಈಗ ತಾನೆ ಕೇಳಿದಿರಲ್ಲ, ಕೈಕಾಲು ಕಳೆದುಕೊಂಡವರ ಕೇಸು ಮುಗಿಯಲು ಎಷ್ಟು ದಿನ ಹಿಡಿಯುತ್ತದೆ ಎಂದು... ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ವಕೀಲಮ್ಮ ಬರಲು ಇನ್ನೂ ಅರ್ಧ ಗಂಟೆಯಿದೆ. ಕೇಳಿ.

"ಊಟದ ಹೊತ್ತು," ಎಂದ ಸೂಪರ್‌ವೈಸರ್. "ಶೆಡ್ಡಲ್ಲಿ ಯಾರೂ ಇಲ್ಲ. ಕದಿಯೋಕೆ ಬಂದ ಮುದುಕ ಮಷೀನಿಗೆ ಕೈ ಕೊಟ್ಟ ಅಂದ್ರೆ ಎಲ್ರೂ ನಂಬ್ತಾರೆ."

"ತುಳೀರಿ," ಎಂದೆ. "ಆದ್ರೆ ಅದೂ ಒಂದು ಕೇಸಾಗತ್ತೆ. ಆರೇಳು ವರ್ಷ ನಡೆಯತ್ತೆ. ನನಗೀಗ ಅರವತ್ತೆಂಟು. ತೀರ್ಪು ಕೇಳೋಕೆ ನಾನಂತೂ ಇರಲ್ಲ. ತಿಂಗಳಿಗೊಂದು ಸಲ ಕೋರ್ಟಿಗೆ ಅಲೆಯೋರು ನೀವೇ."

ಅವನು ಕಡ್ಡಿಯನ್ನು ಬಾಯಿಯ ಇನ್ನೊಂದು ಪಕ್ಕಕ್ಕೆ ಸರಿಸಿದ.

"ನಾಲಿಗೆ ಚೂಪಾಗಿದೆ."

"ಹಲ್ಲು ಹೋಯ್ತಲ್ಲ. ಅದಾದರೂ ಇರಲಿ."

ಬಾಯಿ ಮಾತಾಡುತ್ತಿತ್ತು, ಬೆರಳುಗಳು ಕೆಲಸ ಮಾಡುತ್ತಿದ್ದವು. ಪ್ರೆಸ್ಸಿನ ಮುಂದೆ ಕೆಲಸಗಾರರ ಕೈ ಕಾಯಲು ಒಂದು ಕಬ್ಬಿಣದ ತಗಡು ಇರುತ್ತದೆ. ಅದಕ್ಕೆ ಗಾರ್ಡ್ ಎನ್ನುತ್ತಾರೆ. ಪಕ್ಕದ ಸಂದಿಯಿಂದ ಕೈ ತೂರಿಸಿ ನಾನು ಅದರ ಬೆನ್ನನ್ನು ತಡವುತ್ತಿದ್ದೆ. ಜಿಡ್ಡು. ಧೂಳು. ಆಮೇಲೆ... ಮೊಳೆಯಿಂದ ಗೀರಿದ ಗೆರೆಗಳು.

ದೇವರೇ, ಕೈ ನಿನ್ನದು, ಬೇಕಾದರೆ ತೆಗೆದುಕೋ. ಓದಿ ಮುಗಿಸುವಷ್ಟು ಹೊತ್ತು ಕೊಡು.

ಒಂದು. ಸೊನ್ನೆ. ಅಡ್ಡಗೆರೆ. ಮೂರು. ಮತ್ತೆ ಅಡ್ಡಗೆರೆ. ಆಮೇಲೆ ಇಸವಿ.

ಮೂರನೇ ತಿಂಗಳ ಹತ್ತನೇ ತಾರೀಖು. ಆಕೆಯ ಕೈ ಹೋದದ್ದು ಒಂಬತ್ತನೇ ತಾರೀಖು.

ಕೈಯನ್ನು ಹೊರಗೆಳೆದುಕೊಂಡೆ. ಐದೂ ಬೆರಳು ಇದ್ದವು. ಎಣಿಸಿದೆ ಎಂದು ಹೇಳಲು ನಾಚಿಕೆಯಿಲ್ಲ.

"ಫೋನ್ ಕೊಡಿ."

ಕೊಟ್ಟೆ. ಅವನು ಅದನ್ನು ಎಣ್ಣೆಯ ಬಕೆಟ್ಟಿನಲ್ಲಿ ಬಿಟ್ಟ. ಎರಡು ಗುಳ್ಳೆ ಎದ್ದವು. ನನ್ನ ತೋಳು ಹಿಡಿದು ಗೇಟಿನವರೆಗೆ ನಡೆಸಿಕೊಂಡು ಬಂದ, ಮನೆಗೆ ಬಂದ ನೆಂಟನನ್ನು ಬೀಳ್ಕೊಡುವ ಹಾಗೆ.

"ನಾಲ್ಕು ಗಂಟೆಗೆ ಆಯಮ್ಮ ಸಹಿ ಹಾಕ್ತಾಳೆ," ಎಂದ. "ಅಲ್ಲಿಗೆ ಕಥೆ ಮುಗೀತು. ನೀವೂ ಮನೆಗೆ ಹೋಗಿ ಮಲಗಿ."

ಅವನು ಹೇಳಿದ್ದು ಸುಳ್ಳಲ್ಲ. ರಾಜಿಪತ್ರ ಸಿದ್ಧವಾಗಿತ್ತು. ಅದರಲ್ಲಿ ಒಂದು ಸಾಲಿತ್ತು: ಗಾರ್ಡ್ ಇದ್ದಾಗ್ಯೂ ಪಕ್ಕದಿಂದ ಕೈ ಹಾಕಿದ್ದು ನನ್ನದೇ ತಪ್ಪು. ಆ ಸಾಲಿನ ಕೆಳಗೆ ಆಕೆ ಸಹಿ ಮಾಡಿದರೆ ಸಿಗುವುದು ಒಂದು ಹಿಡಿ ದುಡ್ಡು. ಮಾಡದಿದ್ದರೆ ಮತ್ತೆ ಕೋರ್ಟು. ಆಕೆಗೆ ಸಾಕಾಗಿತ್ತು. ಆರು ವರ್ಷ ಸಣ್ಣದಲ್ಲ.

ಯಾಕೆ ಅಷ್ಟು ದಿನ ಎಂದು ನನ್ನನ್ನು ಕೇಳಿ. ನನಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಇಪ್ಪತ್ತೆರಡು ವರ್ಷ ನಾನು ಎದುರು ಪಕ್ಷದಲ್ಲಿದ್ದೆ. ವಿಮಾ ಕಂಪನಿಯಲ್ಲಿ. ತಡ ಮಾಡಿಸುವುದೇ ನನ್ನ ಉದ್ಯೋಗ. ಮೊದಲು ಗಾಯ ಒಣಗಲಿ ಎನ್ನುತ್ತಿದ್ದೆವು. ಅದು ನ್ಯಾಯವೇ. ಒಣಗದೆ ನಷ್ಟ ಎಷ್ಟೆಂದು ತಿಳಿಯುವುದಿಲ್ಲ. ಆಮೇಲೆ ಅವರ ಡಾಕ್ಟರು ಒಂದು ಅಂದಾಜು ಬರೆದರೆ ನಮ್ಮ ಡಾಕ್ಟರು ಇನ್ನೊಂದು ಬರೆಯುತ್ತಿದ್ದರು. ಅವೆರಡೂ ಕೂಡುವುದಿಲ್ಲವಾದ್ದರಿಂದ ಮೂರನೆಯವರು. ಅಷ್ಟರಲ್ಲಿ ಜಡ್ಜ್‌ಗೆ ವರ್ಗ. ಹೊಸಬರು ಮೊದಲಿನಿಂದ ಓದಬೇಕು. ಒಂದು ಪುಟ ಬಿಟ್ಟು ಪತ್ರ ಕಳಿಸಿದರೆ ಎರಡು ತಿಂಗಳು ಸಲೀಸಾಗಿ ಸಿಗುತ್ತಿತ್ತು. ನಾವು ಯಾರನ್ನೂ ಸೋಲಿಸಲಿಲ್ಲ. ದಣಿಸಿದೆವು, ಅಷ್ಟೇ.

ನನ್ನ ಹೆಂಡತಿ ಸಂಜೆಯ ಪ್ರಾರ್ಥನೆಗೆ ಕೂರುವ ಮುಂಚೆ ಕೇಳುತ್ತಿದ್ದಳು: "ಇವತ್ತು ಯಾರ ಫೈಲು? ಆ ಕಡೆಯವರ ಹೆಸರು ಹೇಳಿ."

"ನಾನು ಈ ಕಡೆಯವನು ಮಾರಾಯ್ತಿ."

"ನಿಮಗೆ ಸಂಬಳ ಬರುತ್ತಲ್ಲ. ಪ್ರಾರ್ಥನೆ ಬೇಕಾಗಿರೋದು ಅವರಿಗೆ."

ಹೀಗೆ ಇಪ್ಪತ್ತೆರಡು ವರ್ಷ ಅವಳು ನನ್ನ ವಿರುದ್ಧ ದೇವರಲ್ಲಿ ವಕಾಲತ್ತು ನಡೆಸಿದಳು. ಕೊನೆಗೆ ಗೆದ್ದಳು. ಕೆಲಸ ಬಿಟ್ಟು ಈ ವಕೀಲಮ್ಮನ ಹತ್ತಿರ ಬಂದೆ. ಪ್ರೆಸ್ಸಿನಲ್ಲಿ ಕೈ ಕಳೆದುಕೊಂಡವಳದು ಇಲ್ಲಿ ನನ್ನ ಮೊದಲ ಫೈಲು. ಅದು ನಾಲ್ಕನೇ ವರ್ಷಕ್ಕೆ ಕಾಲಿಟ್ಟಾಗ ನನ್ನ ಹೆಂಡತಿ ಹೋದಳು. ಆಸ್ಪತ್ರೆಯಲ್ಲಿ ಕೊನೆಯ ವಾರ ಕೇಳಿದ್ದಳು: "ಆ ಮಗೂದು ಮುಗೀತಾ?"

"ಮುಂದಿನ ತಿಂಗಳು," ಎಂದಿದ್ದೆ.

ಹಳೆಯ ಅಭ್ಯಾಸ.

ಇರಲಿ. ಗಾರ್ಡಿನ ಬೆನ್ನು ನೋಡಬೇಕೆಂದು ನನಗೆ ಹೊಳೆದದ್ದು ಹೇಗೆಂದರೆ, ನನ್ನ ಸ್ಕೂಟರಿನಿಂದ. ಕೇಸಿನ ಶುರುವಿನಲ್ಲೇ ಆ ಕಾರ್ಖಾನೆಯ ಫಿಟ್ಟರನ್ನು ಹುಡುಕಿಕೊಂಡು ಅವನ ಮನೆಗೆ ಹೋಗಿದ್ದೆ. ಎಲ್ಲರೂ ಅವನನ್ನು ಫಿಟ್ಟರಪ್ಪ ಎನ್ನುತ್ತಿದ್ದರು. ಗಾರ್ಡ್ ಇತ್ತೇ ಇಲ್ಲವೇ ಎಂದರೆ ನೆಲ ನೋಡಿದ. ಮಗಳು ಅದೇ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅದಕ್ಕೇ ಅವನು ಬಾಯಿ ಬಿಡಲಿಲ್ಲ. ನಾನು ಹೊರಟಾಗ ಮಾತ್ರ ಸ್ಕೂಟರಿನ ಬ್ರೇಕ್ ಕಿರುಗುಟ್ಟುವುದನ್ನು ಕೇಳಿ, "ಇದ್ರಲ್ಲಿ ಹೋದ್ರೆ ಮನೆ ಸೇರಲ್ಲ," ಎಂದು ಕೂತು ಹೊಸ ಲೈನರ್ ಹಾಕಿಕೊಟ್ಟ.

ಪ್ರೆಸ್ಸಿಗೆ ಕೈ ಹಾಕುವ ಒಂದು ವಾರ ಮುಂಚೆ ಆ ಬ್ರೇಕ್ ಸವೆಯಿತು. ಮೆಕ್ಯಾನಿಕ್ ಬಿಚ್ಚಿ, "ಇದೇನ್ ಸಾರ್, ಒಳಗೆ ಯಾರೋ ತಾರೀಖು ಗೀರಿದ್ದಾರೆ," ಎಂದ. ನೋಡಿದೆ. ನಾನು ಫಿಟ್ಟರಪ್ಪನ ಮನೆಗೆ ಹೋದ ದಿನ.

ಹಾಕಿದ ದಿನವನ್ನು ಒಳಮೈ ಮೇಲೆ ಗೀರುವುದು ಅವನ ರೂಢಿ. ಸ್ಕೂಟರಿನಲ್ಲಿ ಬಿಡದವನು ಪ್ರೆಸ್ಸಿನಲ್ಲಿ ಬಿಡುತ್ತಾನೆಯೇ?

ವಕೀಲಮ್ಮ ಮಷೀನಿನ ತಪಾಸಣೆ ಕೇಳಿ ಅರ್ಜಿ ಹಾಕಿದರು. ಎದುರು ಪಕ್ಷಕ್ಕೆ ನೋಟಿಸು ಕೊಡುವುದು ಧರ್ಮ. ಬೆಳಿಗ್ಗೆ ನೋಟಿಸು ಹೋಯಿತು. ಅದು ಮುಟ್ಟಿದರೆ ಗಾರ್ಡ್ ಮಾಯವಾಗುತ್ತದೆಂದು ಊಟದ ಹೊತ್ತಿಗೆ ನಾನು ಶೆಡ್ಡಿಗೆ ನುಸುಳಿದೆ. ಮಧ್ಯಾಹ್ನ ಗುಜರಿ ಲಾರಿ ಬಂತು.

ನಾನು ಗೇಟಿನಾಚೆ ಸ್ಕೂಟರಿನ ಮೇಲೆ ಕೂತಿದ್ದಾಗಲೇ ಅದು ಹೊರಬಂದದ್ದು. ಮುಂದೆ ಡ್ರೈವರ್ ಪಕ್ಕದಲ್ಲಿ ಸೂಪರ್‌ವೈಸರ್. ಹಿಂದೆ ತಗಡಿನ ರಾಶಿ. ರಾಶಿಯ ಮೇಲೆ ಮುದುಡಿ ಕೂತ ಫಿಟ್ಟರಪ್ಪ. ಅವನ ಮೊಣಕಾಲ ಪಕ್ಕದಲ್ಲಿ ಅದೇ ಹಸಿರು ಬಣ್ಣದ ಗಾರ್ಡ್.

ಕಿಕ್ ಹೊಡೆದೆ. ಒಂದು. ಎರಡು. ಐದನೆಯದಕ್ಕೆ ಹೊತ್ತಿಕೊಂಡಿತು.

ಲಾರಿ ವೇಗ ಹೆಚ್ಚಿಸಿತು. ನಾನೂ ಹೆಚ್ಚಿಸಿದೆ. ನನ್ನ ಸ್ಕೂಟರಿನ ವೇಗ ಎಂದರೆ ಸೈಕಲ್ಲಿನವರು ದಾರಿ ಬಿಡುವಷ್ಟು. ತಿರುವಿನಲ್ಲಿ ಲಾರಿ ನನ್ನನ್ನು ಗೋಡೆಗೆ ಒತ್ತಿತು. ಮೊಣಕೈ ಗೋಡೆಗೆ ಉಜ್ಜಿ ಅಂಗಿ ಹರಿಯಿತು. ಬ್ರೇಕ್ ಒತ್ತಿದೆ. ನಿಂತಿತು. ಹೊಸ ಲೈನರ್... ಆ ಮೆಕ್ಯಾನಿಕ್‌ನ ಕೈ ತಣ್ಣಗಿರಲಿ.

ಮತ್ತೆ ಹೊರಟೆ. ಎರಡು ಸಿಗ್ನಲ್. ಒಂದು ಸೇತುವೆ. ಲಾರಿ ಕಣ್ಣಿಗೆ ಮರೆಯಾಯಿತು. ಗಾಬರಿಯಾಗಲಿಲ್ಲ. ಗುಜರಿ ಎಲ್ಲಿಗೇ ಹೋಗಲಿ, ಮೊದಲು ತೂಕವಾಗಬೇಕು. ಊರಿಗೆಲ್ಲ ಲಾರಿ ತೂಗುವ ವೇ ಬ್ರಿಡ್ಜ್ ಒಂದೇ.

ಅಲ್ಲಿ ಲಾರಿಗಳ ಸಾಲು ನಿಂತಿತ್ತು. ನನ್ನ ವೃತ್ತಿಯಲ್ಲಿ ಎಲ್ಲ ಓಟವೂ ಕೊನೆಗೆ ಒಂದು ಕ್ಯೂನಲ್ಲಿ ಮುಗಿಯುತ್ತದೆ.

"ಎಲ್ಲಾ ಇಳೀರಿ," ಎಂದು ಗುಮಾಸ್ತ ಕಿಟಕಿಯಿಂದ ಕೂಗಿದ. "ಮನುಷ್ಯರಿಗೆ ಇಲ್ಲಿ ರೇಟಿಲ್ಲ."

ಸೂಪರ್‌ವೈಸರ್ ಇಳಿದು ಚೀಟಿ ಬರೆಸಲು ಒಳಗೆ ಹೋದ. ಫಿಟ್ಟರಪ್ಪ ಹಿಂದಿನಿಂದ ಮೆಲ್ಲಗೆ ಇಳಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಬೆಚ್ಚಲಿಲ್ಲ.

"ಬ್ರೇಕ್ ಹೇಗಿದೆ?" ಎಂದ.

"ಬಿಚ್ಚಿಸಿದೆ. ಒಳಗೆ ನಿಮ್ಮ ತಾರೀಖು ಸಿಕ್ತು."

ಅವನು ಲಾರಿಯಲ್ಲಿದ್ದ ಗಾರ್ಡಿನ ಕಡೆ ತಿರುಗಿದ.

"ಹಾಗಾದ್ರೆ ಇದರದ್ದೂ ನೋಡಿದ್ರಿ."

"ಮುಟ್ಟಿ ನೋಡಿದೆ. ಕೈ ಹೋಗೋದ್ರಲ್ಲಿತ್ತು."

"ಎಷ್ಟು ಜನ ಬಂದ್ರು ಯಜಮಾನ್ರೇ... ಎಲ್ರೂ ಮುಂದೆ ನಿಂತು ಫೋಟೋ ತೆಗೆದ್ರು. ಹಿಂದಕ್ಕೆ ಒಬ್ಬರೂ ಬಗ್ಗಲಿಲ್ಲ. ಬಗ್ಗಿದ್ರೆ ನಾನು ಬಾಯಿ ಬಿಡಬೇಕಾಗಿತ್ತು. ಬಗ್ಗದಿರಲಪ್ಪಾ ಅಂತಾನೂ ಬೇಡಿಕೊಂಡೆ, ಬಗ್ಗಲಿ ಅಂತಾನೂ ಬೇಡಿಕೊಂಡೆ."

"ಅವತ್ತೇ ಯಾಕೆ ಬರೆದಿರಿ?"

"ಹಾಕಿದ ದಿನ ಬರೀದೆ ನಾನು ಯಾವತ್ತೂ ಸ್ಪ್ಯಾನರ್ ಕೆಳಗಿಟ್ಟೋನಲ್ಲ. ಮಷೀನ್ ಬಂದಾಗಿನಿಂದ ಅದಕ್ಕೆ ಗಾರ್ಡೇ ಇರಲಿಲ್ಲ. ಕೆಲಸ ನಿಧಾನ ಆಗತ್ತೆ ಅಂತ. ಆಯಮ್ಮನ ಕೈ ಹೋದ ಮರುದಿನ ಬೆಳಿಗ್ಗೆ ಹಾಕು ಅಂದ್ರು. ನೆಲ ತೊಳೆದು ಇನ್ನೂ ಒದ್ದೆ ಇತ್ತು. ತಲೆ ಓಡ್ತಿರಲಿಲ್ಲ. ಕೈ ತಾನಾಗೇ ಬರೀತು."

ಅವನು ಲಾರಿಯಿಂದ ಗಾರ್ಡನ್ನು ಎಳೆದ. ಇಬ್ಬರೂ ಹಿಡಿದು ಇಳಿಸುತ್ತಿದ್ದಾಗ ಹಿಂದಿನಿಂದ ಹೆಜ್ಜೆ ಸಪ್ಪಳ.

ಸೂಪರ್‌ವೈಸರ್ ಕೈಯಲ್ಲಿ ಒಂದು ರಾಡ್ ಇತ್ತು.

"ಕೆಳಗಿಡಿ."

ಇಡಲಿಲ್ಲ. ಧೈರ್ಯದಿಂದಲ್ಲ. ಬಗ್ಗಿದರೆ ನನ್ನ ಸೊಂಟ ಮತ್ತೆ ಏಳುವುದಿಲ್ಲ.

"ಫಿಟ್ಟರಪ್ಪ, ನಿನ್ನ ಮಗಳ ಕೆಲಸ ನೆನಪಿದೆ ತಾನೇ?"

"ನೆನಪಿದೆ ಸಾಹೇಬ್ರೇ. ಆರು ವರ್ಷದಿಂದ ಅದೊಂದೇ ನೆನಪು." ಫಿಟ್ಟರಪ್ಪನ ದನಿ ಏರಲಿಲ್ಲ. "ನಾನೊಂದು ಕೇಳ್ತೀನಿ. ಸಂಜೆ ಪಾಳಿ ಎಷ್ಟಕ್ಕೆ?"

"ಮೂರಕ್ಕೆ. ಅದಕ್ಕೇನೀಗ?"

"ಗಾರ್ಡ್ ಬಿಚ್ಚಿಸಿದ್ರಲ್ಲ, ಆ ಪ್ರೆಸ್ಸಿಗೆ ಇವತ್ತು ಕೂರೋದು ಯಾರು?"

ಸೂಪರ್‌ವೈಸರ್ ಬಾಯಿ ತೆರೆದ. ಕಡ್ಡಿ ಕೆಳಗೆ ಬಿತ್ತು.

"ನಿಮ್ಮ ತಮ್ಮ. ಪಟ್ಟಿಗೆ ಸಹಿ ಹಾಕಿದೋರು ನೀವೇ. ಆರು ವರ್ಷದಿಂದ ತಗಡು ಇದೆ ಅಂತ ನೋಡದೇ ಕೈ ಹಾಕಿ ರೂಢಿ ಹುಡುಗನಿಗೆ. ಇವತ್ತು ಇಲ್ಲ ಅಂತ ಯಾರಾದ್ರೂ ಹೇಳಿದ್ದಾರಾ?"

ಅವನು ಗಡಿಯಾರ ನೋಡಿಕೊಂಡ. ಮೂರಕ್ಕೆ ಹನ್ನೆರಡು ನಿಮಿಷ. ಫೋನ್ ತೆಗೆದು ಕಿವಿಗಿಟ್ಟ. ಶೆಡ್ಡಿನ ಸದ್ದಿನಲ್ಲಿ ಫೋನ್ ಯಾರಿಗೆ ಕೇಳುತ್ತದೆ? ಮತ್ತೆ ಮಾಡಿದ. ಆಮೇಲೆ ರಾಡನ್ನು ಎಸೆದು ರಸ್ತೆಗೆ ಓಡಿದ. ಯಾವನದೋ ಬೈಕಿಗೆ ಅಡ್ಡ ನಿಂತು, ಕಾಲು ಹಿಡಿಯುವುದೊಂದು ಬಾಕಿ, ಹತ್ತಿ ಹೋದ.

ಆ ದಿನ ನಿಜವಾಗಿ ಓಡಿದವನು ಅವನೊಬ್ಬನೇ.

ಹುಡುಗನಿಗೆ ಏನೂ ಆಗಲಿಲ್ಲ. ಆತ ಆಗ ತಾನೆ ಸ್ಟೂಲಿನ ಮೇಲೆ ಕೂತಿದ್ದನಂತೆ. ಅಣ್ಣ ಬಂದು ಮೇನ್ ಸ್ವಿಚ್ ಇಳಿಸಿ, ಯಾಕೆಂದೂ ಹೇಳದೆ ಕೆನ್ನೆಗೆ ಒಂದು ಬಾರಿಸಿ, ಅಲ್ಲೇ ಕುಸಿದು ಕೂತನಂತೆ.

ಫಿಟ್ಟರಪ್ಪ ಗಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಹಿಂದೆ ಕೂತ. ನಾವು ಈ ಮೆಟ್ಟಿಲು ಹತ್ತುವಾಗ ನಾಲ್ಕಾಗಿ ಐದು ನಿಮಿಷ.

ಆಕೆ ನೀವು ಕೂತಿರುವ ಕುರ್ಚಿಯಲ್ಲೇ ಕೂತಿದ್ದಳು. ಎದುರಿಗೆ ಕಂಪನಿ ವಕೀಲ. ವಕೀಲಮ್ಮ ನನಗೆ ಹತ್ತು ಸಲ ಫೋನ್ ಮಾಡಿದ್ದರು. ಅದು ಎಣ್ಣೆಯಲ್ಲಿತ್ತಲ್ಲ. ಇನ್ನು ತಡೆದು ಹಿಡಿಯಲು ಅವರಲ್ಲಿ ಮಾತು ಉಳಿದಿರಲಿಲ್ಲ. ಎಡಗೈಯಲ್ಲಿ ಬರೆಯಲು ಆಕೆ ಒಂದು ವರ್ಷ ಕಲಿತಿದ್ದಳು. ಹೆಸರಿನ ಮೊದಲ ಅಕ್ಷರ ಕಾಗದದ ಮೇಲೆ ಬಿದ್ದಿತ್ತು.

ಗಾರ್ಡನ್ನು ಬೆನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟೆವು. ಗಾಜು ಬಿರುಕು ಬಿಟ್ಟಿತು.

"ಓದು ತಾಯಿ," ಎಂದೆ.

ಬಗ್ಗಿ ಓದಿದಳು. ಎಡಗೈಯ ಬೆರಳನ್ನು ಆ ಅಂಕಿಗಳ ಮೇಲೆ ಆಡಿಸಿದಳು.

"ಹತ್ತನೇ ತಾರೀಖು," ಎಂದಳು. "ಅವತ್ತು ನನಗೆ ಎಚ್ಚರವೇ ಇರಲಿಲ್ಲ ದೊಡ್ಡಪ್ಪ."

"ಗೊತ್ತು."

"ಮನೇಲಿ ಎಲ್ರೂ, ನೋಡ್ಕೊಂಡು ಕೈ ಹಾಕ್ಬಾರ್ದಿತ್ತಾ ಅಂದ್ರು. ಕೊನೆಕೊನೆಗೆ ನನಗೂ ಅನ್ನಿಸ್ತಿತ್ತು... ಗಾರ್ಡ್ ಇತ್ತೇನೋ, ನಾನೇ ನೋಡಿಲ್ವೇನೋ ಅಂತ."

ಫಿಟ್ಟರಪ್ಪ ಬಾಗಿಲ ಬಳಿ ನಿಂತಿದ್ದ. "ಇರಲಿಲ್ಲ ಮಗಳೇ," ಎಂದ. ಅಷ್ಟೇ ಅವನಿಂದಾದದ್ದು.

ಅವಳು ಪೆನ್ನಿನ ಕ್ಯಾಪನ್ನು ಹಲ್ಲಿನಲ್ಲಿ ಕಚ್ಚಿ, ಪೆನ್ನನ್ನು ಅದರೊಳಗೆ ತೂರಿಸಿ ಮುಚ್ಚಿದಳು. ಒಂದೇ ಕೈಯವರು ಹಾಗೆಯೇ ಮುಚ್ಚುವುದು. ಆಮೇಲೆ ಪೆನ್ನನ್ನು ವಕೀಲನ ಕಡೆ ತಳ್ಳಿದಳು.

ಅವನು ಗಾರ್ಡ್ ನೋಡಿದ. ಫಿಟ್ಟರಪ್ಪನನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ನಮಗೆ ಸ್ವಲ್ಪ ಸಮಯ ಬೇಕಾಗತ್ತೆ," ಎಂದ.

ಸಮಯ ತೆಗೆದುಕೊಂಡರು. ಮತ್ತೆ ಒಂದು ವರ್ಷ, ನಾಲ್ಕು ತಿಂಗಳು. ಗಾರ್ಡನ್ನು ಹೊರಗೆ ತಂದದ್ದು ಸರಿಯೋ ತಪ್ಪೋ ಎಂಬ ವಾದಕ್ಕೇ ಐದು ತಿಂಗಳು ಹೋಯಿತು. ಫಿಟ್ಟರಪ್ಪನ ಮಗಳ ಕೆಲಸ ಹೋಯಿತು. ಬೇರೆಡೆ ಸಿಕ್ಕಿತು. ಎಂಟನೇ ತಿಂಗಳಿಗೆ ಸೂಪರ್‌ವೈಸರ್ ತಾನಾಗಿ ಬಂದು ಸಾಕ್ಷಿ ಹೇಳಿದ. ತಾರೀಖು ಕೊಡುವುದು ಕೋರ್ಟೊಂದೇ ಅಲ್ಲ, ದೇವರೂ ಕೊಡುತ್ತಾನೆ. ಕೊನೆಗೆ ಕಂಪನಿ ರಾಜಿಗೆ ಬಂತು. ಆಕೆ ಕೇಳಿದ್ದು ಸಿಕ್ಕಿತು. ಆ ಸಾಲು ಹೋಗಿ ಗಾರ್ಡ್ ಇರಲಿಲ್ಲ ಎಂಬ ಸಾಲು ಬಂತು. ಅವಳು ಅದನ್ನು ಮೂರು ಸಲ ಓದಿ ಸಹಿ ಮಾಡಿದಳು.

ಆ ಸಂಜೆ ಪ್ರಾರ್ಥನೆಗೆ ಕೂತಾಗ ಖಾಲಿ ಮನೆಗೆ ಹೇಳಿದೆ: "ಆ ಮಗೂದು ಮುಗೀತು ಕಣೇ." ನಾಲ್ಕು ವರ್ಷ ತಡವಾಗಿ.

ನಿಮ್ಮದು ಕಾಲು. ಮೊಣಕಾಲ ಕೆಳಗೆ. ಲಿಫ್ಟಿನದು, ಅಲ್ಲವೇ? ಅವರು ತಪ್ಪು ಒಪ್ಪಿಕೊಂಡರೆ ಎರಡು ವರ್ಷ. ಒಪ್ಪದಿದ್ದರೆ ಎಷ್ಟೆಂದು ಹೇಳಿದೆನಲ್ಲ. ಮುಂದಿನ ತಿಂಗಳು ಎಂದು ನಾನು ಈಗ ಯಾರಿಗೂ ಹೇಳುವುದಿಲ್ಲ.

ಊರುಗೋಲನ್ನು ಆ ಮೂಲೆಗಿಟ್ಟು ಹಿಂದಕ್ಕೆ ಒರಗಿ ಕೂತುಕೊಳ್ಳಿ. ಕುರ್ಚಿ ಗಟ್ಟಿಯಾಗಿದೆ. ಏಳು ವರ್ಷ ಅವಳನ್ನು ಹೊತ್ತಿದೆ.