ಬೆಳ್ಳುಳ್ಳಿ ತಿನ್ನದವಳ ಉಸಿರು

"ಏನ ಕಾಂಚನಾ, ಮುಂಜಾನೆ ಮುಂಜಾನೆ ಬೆಳ್ಳುಳ್ಳಿ ಚಟ್ನಿ ಹೊಡದ ಬಂದೀಯೇನ?"

ನಗಿಸಲೆಂದೇ ವೀರೇಶ ಅಂದಿದ್ದ. ಗದಗಿನ ಆ ಕಾಲೇಜು ಲ್ಯಾಬಿನಲ್ಲಿ ಎಲ್ಲರೂ ನಕ್ಕರು. ಕಾಂಚನಾ ಮಾತ್ರ ದುಪಟ್ಟಾ ತುದಿಯನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳದು ಲಕ್ಷ್ಮೇಶ್ವರದ ಜೈನರ ಮನೆ. ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆ. ಅದು ಅವನಿಗೆ ಗೊತ್ತಿತ್ತು.

ಇಬ್ಬರ ಎಂಎಸ್ಸಿ ಪ್ರಾಜೆಕ್ಟೂ ಒಂದೇ. ಟೆಲ್ಲುರಿಯಂ ಲವಣವನ್ನು ಡಿಎಂಎಸ್ಒ ಎಂಬ ಸಾವಯವ ದ್ರಾವಕದಲ್ಲಿ ಕರಗಿಸಿ, ಯಾವ ವೋಲ್ಟೇಜಿನಲ್ಲಿ ಅದು ಪ್ಲಾಟಿನಂ ಕಡ್ಡಿಗೆ ಕಪ್ಪಗೆ ಅಂಟುತ್ತದೆಂದು ನೋಡುವುದು. ಲೋಹವೂ ಅಲ್ಲದ, ಅಲೋಹವೂ ಅಲ್ಲದ ಧಾತು ಅದು. ದ್ರಾವಣ ಬೆರೆಸುವವಳು ಕಾಂಚನಾ, ಯಂತ್ರ ನಡೆಸುವವನು ವೀರೇಶ. ಪರದೆಯ ಮೇಲೆ ಗೆರೆ ಏರಿ, ಬಾಗಿ ಬಾತುಕೋಳಿಯಂತೆ ಕಂಡಾಗ "ನಮ್ಮ ಬಾತು ಬಂತ ನೋಡೋ" ಎಂದು ಅವಳು ಅವನ ಭುಜದ ಹತ್ತಿರ ಬಾಗುತ್ತಿದ್ದಳು. ಅಷ್ಟಕ್ಕಾಗಿಯೇ ಅವನು ತನ್ನೂರು ಅಸುಂಡಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ.

ಬೆಳ್ಳುಳ್ಳಿಯ ಆ ಮಾತಿನ ನಂತರ ಅವಳು ಬಾಗಲಿಲ್ಲ. ಮರುವಾರ ಬರಲೇ ಇಲ್ಲ.

ದ್ರಾವಣ ಬೆರೆಸುವ ಕೆಲಸವೂ ಅವನಿಗೇ ಬಂತು. ಕೆಲವೇ ದಿನಕ್ಕೆ ಮನೆಯಲ್ಲಿ ತಂಗಿ ಮೂಗು ಮುಚ್ಚಿಕೊಂಡಳು. "ಅಣ್ಣಾ, ಆಚೆ ಸರಿಯೋ! ಎಷ್ಟ ಬೆಳ್ಳುಳ್ಳಿ ತಿಂದೀ?"

ಅವನು ಬೆಳ್ಳುಳ್ಳಿ ಮುಟ್ಟಿರಲಿಲ್ಲ.

ಮರುದಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುವ ಸರ್ ಅವನ ಕೈಯ ಗ್ಲೌಸ್ ನೋಡಿದರು. "ಈ ದ್ರಾವಕ ತೆಳು ಗ್ಲೌಸ್ ದಾಟಿ ಚರ್ಮದಾಗ ಇಳೀತೈತಿ. ಟೆಲ್ಲುರಿಯಂನೂ ಜೋಡಿ ಒಯ್ತೈತಿ. ಆಮ್ಯಾಲೆ ಉಸಿರು ವಾರಗಟ್ಟಲೆ ಬೆಳ್ಳುಳ್ಳಿಯಂಗ ನಾರತೈತಿ. ದಪ್ಪ ಗ್ಲೌಸ್ ತಾ ಅಂತ ನಿನಗ ಹೇಳಿರಲಿಲ್ಲೇನ?"

ಹೇಳಿದ್ದರು. ವೀರೇಶ ಬಜಾರಿನಲ್ಲಿ ಕೈಗೆ ಸಿಕ್ಕ ತೆಳು ಗ್ಲೌಸ್ ತಂದು "ಇವೇ ಸಾಕು ತಗೋ" ಎಂದು ಕಾಂಚನಾಳ ಮುಂದೆ ಇಟ್ಟಿದ್ದ. ತಾನೇ ಹತ್ತಿಸಿದ ವಾಸನೆಗೆ ತಾನೇ ನಕ್ಕಿದ್ದ.

ಲಕ್ಷ್ಮೇಶ್ವರದ ಮನೆಯ ಬಾಗಿಲು ತೆರೆದವರು ಕಾಂಚನಾಳ ತಾಯಿ. ಅವನು ಬಾಯಿ ಬಿಟ್ಟದ್ದೇ ತಡ, ಸೆರಗು ಮೂಗಿಗೇರಿತು.

"ನಾ ಬೆಳ್ಳುಳ್ಳಿ ತಿಂದಿಲ್ರಿ ಅವ್ವಾರ. ನಿಮ್ಮ ಮಗಳೂ ತಿಂದಿಲ್ಲ. ಇದು ಲ್ಯಾಬಿನ ವಾಸನಿ. ಹಾಳ ಗ್ಲೌಸ್ ತಂದಾಂವ ನಾನು, ಎಲ್ಲಾರ ಮುಂದ ನಕ್ಕಾಂವನೂ ನಾನ."

ತಾಯಿಯ ಸೆರಗು ಮೆಲ್ಲಗೆ ಕೆಳಗಿಳಿಯಿತು. "ತಿಂದಿಲ್ಲ ಅಂತ ಆಕಿನೂ ಹೇಳಿದ್ಲಪ್ಪ. ನಾ ನಂಬಲಿಲ್ಲ. ಅಡಗಿಮನಿಗೂ ಬಿಡಲಿಲ್ಲ." ಅವನನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ತರಲು ಒಳಗೆ ಹೋದರು.

ಕಂಬದ ಹಿಂದಿನಿಂದ ಕಾಂಚನಾ ಬಂದಳು. ಬಾಯಿಯ ಮೇಲೆ ಇನ್ನೂ ದುಪಟ್ಟಾ.

"ನಿನಗೂ ಹತ್ತೇತೇನ?"

ಅವನು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ. "ತಪ್ಪಾತು ಕಾಂಚನಾ."

ಅವಳು ಕಟ್ಟೆಯ ಮೇಲೆ ಅವನ ಹತ್ತಿರವೇ ಕುಳಿತಳು. "ನನ್ನ ವಾಸನಿ ಬರತೈತೇನ?"

"ಇಲ್ಲ. ನನಗ ನಂದೂ ತಿಳಿವಲ್ದು."

"ವಾಸನಿ ಹೋದ ಮ್ಯಾಲೂ ಹಿಂಗ ಹತ್ರ ಕುಂದ್ರತೀ?"

"ನೀ ಹೂಂ ಅಂದ್ರ... ಜೀವನಪೂರ್ತಿ." ತಲೆ ಎತ್ತುವ ಧೈರ್ಯ ಅವನಿಗೆ ಆಗಲೂ ಬರಲಿಲ್ಲ.

ದುಪಟ್ಟಾ ಸರಿದದ್ದು ಅವನಿಗೆ ಕಾಣಲಿಲ್ಲ. ನಗು ಮಾತ್ರ ಕೇಳಿಸಿತು, ಏನೂ ಅಡ್ಡವಿಲ್ಲದ ನಗು.

"ಮೊದಲ ದಪ್ಪ ಗ್ಲೌಸ್ ತಾ. ಆಮ್ಯಾಲೆ ಹೂಂ ಅಂತೀನಿ."