ನಾಲ್ಕು ಕಣ್ಣುಗಳ ಮಂಜು

ಬ್ಯಾಂಡೇಜು ಬಿಚ್ಚಿದ್ದೇ ತಡ, ನರ್ಸು ವಾರ್ಡಿನಿಂದಲೇ ಡಾಕ್ಟರನ್ನು ಕೂಗಿದಳು. ಹಿಂದಿನ ದಿನ ಕಣ್ಣಿನ ಪೊರೆ ತೆಗೆಸಿಕೊಂಡ ಐವರಲ್ಲಿ ನಾಲ್ವರ ಕಣ್ಣು ಕೆಂಪಗಾಗಿ, ಉಸಿರು ಊದಿದ ಕನ್ನಡಿಯಂತೆ ಮಸುಕಾಗಿತ್ತು. ನಾಲ್ಕನೆಯವಳು ಚೊಕ್ಕಟನ ತಾಯಿ. ಅಂಗಿಗಳಿಗೆ ಗುಂಡಿ ಹೊಲಿದೇ ಮಗನನ್ನು ಸಾಕಿದವಳು. ಆಕೆಗಿದ್ದದ್ದು ಅದೊಂದೇ ಕಣ್ಣು. ಇನ್ನೊಂದು ಎಂದೋ ಹೋಗಿತ್ತು.

ಚೊಕ್ಕಟ ಅದೇ ಆಸ್ಪತ್ರೆಯಲ್ಲಿ ಆಪರೇಷನ್ನಿನ ಸಾಮಾನು ತೊಳೆಯುವವ. ಹದಿನೈದು ವರ್ಷದಲ್ಲಿ ಒಂದು ಕಲೆ ಉಳಿಸಿದವನಲ್ಲ, ಅದಕ್ಕೇ ಆ ಅಡ್ಡಹೆಸರು. ಅಮ್ಮನ ಸರದಿಯೆಂದು ನಿನ್ನೆ ಎರಡು ಗಂಟೆ ಮುಂಚೆಯೇ ಬಂದು ಉಜ್ಜಿದ್ದ. ಈಗ ಅವನು ಹಲ್ಲು ಕಡಿಯುತ್ತ ಹಿಂಬದಿಯ ಕೋಣೆಯ ಬಾಗಿಲು ಬಡಿದ.

ಅಲ್ಲಿದ್ದವರು ಹಿರಿಯ ಡಾಕ್ಟರಮ್ಮ. ಕೈ ನಡುಗತೊಡಗಿದ ಮೇಲೆ ಆಪರೇಷನ್ ನಿಲ್ಲಿಸಿದರೂ ಆಸ್ಪತ್ರೆ ಬಿಟ್ಟಿರಲಿಲ್ಲ. ಅಲ್ಲಿ ಏನು ಎಡವಟ್ಟಾದರೂ ಅದರ ಬೇರು ಕೀಳುವವರು ಅವರು. ಟಾರ್ಚು ಹಿಡಿದು ಬೆನ್ನಿಗಿರುವವನು ಚೊಕ್ಕಟ.

"ಯಾರು ಮಾಡಿದ್ದು ಅಂತ ಹೇಳಿಬಿಡಿ ಡಾಕ್ಟರಮ್ಮ. ಅವನ ಕೈ ಮುರೀತೀನಿ."

"ಮುರಿಯುವೆಯಂತೆ. ಮೊದಲು ಟಾರ್ಚು ಹಿಡಿ."

ವಾರ್ಡಿನಲ್ಲಿ ಕಿರಿಯ ಡಾಕ್ಟರು ಬೆವರುತ್ತಿದ್ದರು. "ಸೋಂಕು ಮೇಡಂ. ಕಣ್ಣೊಳಗೇ ಇಂಜೆಕ್ಷನ್ ಕೊಡಬೇಕು."

ಡಾಕ್ಟರಮ್ಮ ಚೊಕ್ಕಟನ ತಾಯಿಯ ಪಕ್ಕ ಕೂತರು. "ನೋವಿದೆಯೇನಮ್ಮ?"

"ನೋವೇನಿಲ್ಲ. ಬಚ್ಚಲುಮನೆ ಹಬೆ ತುಂಬಿಕೊಂಡ ಹಾಗಿದೆ. ನನ್ನ ಮಗ ನಗ್ತಿದಾನೋ, ಮೂತಿ ಊದಿಸ್ಕೊಂಡಿದಾನೋ ಗೊತ್ತಾಗ್ತಿಲ್ಲ. ಊದಿಸ್ಕೊಂಡೇ ಇರ್ತಾನೆ ಬಿಡಿ."

ರೆಪ್ಪೆ ಊದಿರಲಿಲ್ಲ, ಕೀವಿರಲಿಲ್ಲ. ಮಸುಕು ಮಾತ್ರ ಅಂಚಿನಿಂದ ಅಂಚಿಗೆ ಹಬ್ಬಿತ್ತು. ಕಣ್ಣೊಳಗಿನ ನೀರು ತೆಗೆದು ಲ್ಯಾಬಿಗೆ ಕಳಿಸಿದರು. ಗಂಟೆಗೊಮ್ಮೆ ಉರಿಯೂತ ಇಳಿಸುವ ಸ್ಟೆರಾಯ್ಡ್ ಹನಿ ಶುರುಮಾಡಿಸಿದರು.

ಕಣ್ಣು ಮಸುಕಾಗದಿದ್ದ ಐದನೆಯವನು, ಒಬ್ಬ ಬಸ್ ಡ್ರೈವರು, ಗೋಡೆ ಗಡಿಯಾರ ನೋಡಿ ಗಂಟೆ ಎಷ್ಟೆಂದು ನಿಮಿಷ ಸಮೇತ ಹೇಳಿದ.

"ಇವರಿಗೆ ಮಾತ್ರ ಬೇರೆ ಏನಾದರೂ ಬಳಸಿದಿರಾ?" ಎಂದು ಡಾಕ್ಟರಮ್ಮ ಕೇಳಿದರು.

"ಎಲ್ಲಾ ಅದೇ," ಎಂದಳು ನರ್ಸು. "ಇವರ ಸರದಿಯಲ್ಲಿ ಕ್ಯಾನುಲಾ ಒಂದು ಕೈಜಾರಿ ಬಿತ್ತು. ಹೊಸ ಪ್ಯಾಕೆಟ್ ಒಡೆದೆ."

ಕ್ಯಾನುಲಾ ಎಂದರೆ ಕಣ್ಣೊಳಗೆ ನೀರು ಹಾಯಿಸುವ, ಸೂಜಿಯಷ್ಟು ಸಪೂರದ ಕೊಳವೆ. ಬಿದ್ದದ್ದು ಬಳಸದೆ ಇನ್ನೂ ತಟ್ಟೆಯಲ್ಲೇ ಇತ್ತು.

ಸಂಜೆ ಡಾಕ್ಟರಮ್ಮ ಸಾಮಾನು ತೊಳೆಯುವ ಕೋಣೆಗೆ ಎಲ್ಲರನ್ನೂ ಕರೆಸಿದರು.

"ಲ್ಯಾಬಿನವರಿಗೆ ಕ್ರಿಮಿ ಕಂಡಿಲ್ಲ. ಸೋಂಕಿಗೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು, ನೋವೂ ಜೀವ ಹಿಂಡುತ್ತೆ. ನಾಲ್ವರಿಗೂ ಒಂದೇ ಅಚ್ಚಲ್ಲಿ ಬರೋದು ಅಪರೂಪ. ಇದು ರಾತ್ರಿ ಬೆಳಗಾಗೋದರೊಳಗೆ ಬಂದಿದೆ. ಯಾವುದೋ ವಿಷ ಒಳಗೆ ಹೋಗಿದೆ. ಔಷಧ, ಲೆನ್ಸು, ಡಾಕ್ಟರು ಐವರಿಗೂ ಒಂದೇ. ಕ್ಯಾನುಲಾ ಮಾತ್ರ ನಾಲ್ವರಿಗೆ ತೊಳೆದದ್ದು, ಒಬ್ಬರಿಗೆ ಹೊಸದು."

ಬಿದ್ದ ಕ್ಯಾನುಲಾದೊಳಗಿಂದ ಗಾಜಿನ ಲೋಟಕ್ಕೆ ಶುದ್ಧ ನೀರು ಹಾಯಿಸಿ ಅಲುಗಿಸಿದರು. ಅಂಚಿನಲ್ಲಿ ಬೆಳ್ಳಗೆ ನೊರೆ ಎದ್ದಿತು.

"ಹಬೆಯಲ್ಲಿ ಬೇಯಿಸಿದರೆ ಕ್ರಿಮಿ ಸಾಯುತ್ತೆ. ಸೋಪು ಒಣಗಿ ಅಲ್ಲೇ ಕೂರುತ್ತೆ." ಅವರು ಚೊಕ್ಕಟನತ್ತ ನೋಡಲಿಲ್ಲ. "ನಿನ್ನೆ ಸೋಪು ಎಷ್ಟು ಹಾಕಿದೆಯಪ್ಪ?"

ಚೊಕ್ಕಟ ಸೋಪಿನ ಬಾಟಲಿ ಕೈಗೆತ್ತಿಕೊಂಡ. "ದಿನಾ ಒಂದು ಮುಚ್ಚಳ. ನಿನ್ನೆ... ಮೂರು. ಅಮ್ಮನ ಕಣ್ಣಲ್ವಾ."

"ನೀರು?"

"ಎಂದಿನ ಹಾಗೆ ಎರಡೇ ಸಲ."

"ಥೂ, ನಿನ್ನ..." ಎಂದು ಕಿರಿಯ ಡಾಕ್ಟರು ಬಾಯಿ ತೆರೆದರು.

"ಸುಮ್ಮನಿರು!" ಡಾಕ್ಟರಮ್ಮ ಗದರಿದರು. "ಹದಿನೈದು ವರ್ಷ ಹೊಳಪು ನೋಡಿ ಹೊಗಳಿದೆವು. ಕೊಳವೆಯೊಳಗೆ ಎಷ್ಟು ನೀರು ಹಾಯಿಸಬೇಕು ಅಂತ ನೀನು ಹೇಳಿದೆಯಾ? ನಾನು ಹೇಳಿದೆನಾ?"

ಆ ಮಾತು ಚೊಕ್ಕಟನಿಗೆ ಆಸರೆಯಾಗಲಿಲ್ಲ. ಮುರಿಯುತ್ತೇನೆಂದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ನಿಂತಿದ್ದ.

ಹತ್ತು ದಿನದಲ್ಲಿ ಮೂವರ ಕಣ್ಣು ತಿಳಿಯಾಯಿತು. ಅವನ ತಾಯಿಯ ಕಣ್ಣು ಮೊದಲೇ ಸೋತಿತ್ತು, ಮಂಜು ಕರಗಲಿಲ್ಲ. ಇನ್ನು ಕರಗದು ಎಂದು ಡಾಕ್ಟರಮ್ಮ ಅವನಿಗೊಬ್ಬನಿಗೇ ಹೇಳಿದರು.

ನರ್ಸು ಹನಿ ಹಾಕಲು ಹೋದಾಗ ತಾಯಿ ಕೈ ಅಡ್ಡ ಹಿಡಿದಳು.

"ನೀನು ಬೇಡಮ್ಮ. ನನ್ನ ಮಗ ಹಾಕಲಿ. ಅವನ ಕೈಯಷ್ಟು ಚೊಕ್ಕ ಯಾರದ್ದೂ ಇಲ್ಲ."

ಚೊಕ್ಕಟ ನಲ್ಲಿಯ ಬಳಿ ಹೋದ. ಸೋಪು ಮುಟ್ಟಲಿಲ್ಲ. ಬರೀ ನೀರಿನಲ್ಲಿ ತೊಳೆದ, ಮತ್ತೆ ತೊಳೆದ, ತೊಳೆಯುತ್ತಲೇ ಇದ್ದ.

"ಎಷ್ಟೊತ್ತೋ?" ಎಂದು ತಾಯಿ ಮಂಚದಿಂದ ಕೂಗಿದಳು.